ಹುಲ್ಲಿಗೆ ಸೇರಬೇಕಾದ ಸಗಣಿ

ಗಚ್ಚಿಬೌಲಿ, ಹೈದರಾಬಾದ್
೧೨ ಆಗಸ್ಟ್ ೨೦೦೩

ಮೈದುನ ಹಂಪಯ್ಯನಿಗೆ,

ಕ್ಷೇಮ ಕೇಳಲು ಬರೆದದ್ದಲ್ಲ. ನಿನ್ನ ಅಣ್ಣನ ಉತ್ತರಕ್ರಿಯೆ ಮುಗಿದ ಮರುದಿನದಿಂದ, ನನ್ನನ್ನು ಕೇಳದೆ ನೀನು ಕಳಿಸುತ್ತಿರುವ ಟ್ರ್ಯಾಕ್ಟರ್ ಇಂದೂ ಸಗಣಿ ತುಂಬಲು ಬಂದಿತ್ತು.

"ಹೆಂಡಿಗೆ ಇಷ್ಟ್ಯಾಕ ಜಗಳಾ ಅಕ್ಕಾರ? ಬಂಗಾರ ಏನ್ರಿ ಇದು?" ಎಂದು ಡ್ರೈವರ್ ನಕ್ಕ.

"ಬಂಗಾರ ಬೇಕಾದ್ರ ಒಯ್ಯಿ, ಹೆಂಡಿ ಮುಟ್ಟಬ್ಯಾಡ," ಎಂದೆ.

ಮಳೆ ಚೆನ್ನಾಗಿ ಬಿದ್ದರೂ ನಮ್ಮ ಹುಲ್ಲುಗಾವಲು ಹಳದಿಯಾಗಿದೆ. ಎಮ್ಮೆಗಳ ಹಾಲು ಇಳಿದಿದೆ. ಮೇದ ಹುಲ್ಲಿನ ಸಾರ ಸಗಣಿ, ಗಂಜಲವಾಗಿ ಅದೇ ನೆಲಕ್ಕೆ ಮರಳಬೇಕು. ಅದಕ್ಕೇ ನಿನ್ನ ಅಣ್ಣ ದಿನಾ ಬೆಳಗ್ಗೆ ಕೊಟ್ಟಿಗೆಯಿಂದ ಬುಟ್ಟಿಯಲ್ಲಿ ಹೊತ್ತು ಹುಲ್ಲಿಗೆ ಚೆಲ್ಲುತ್ತಿದ್ದರು. ನೀನು ಅದನ್ನು ಸಾಫ್ಟ್‌ವೇರ್ ಕಂಪನಿಯ ಲಾನಿಗೆ ಮಾರುತ್ತಿದ್ದೀಯ. ನಿನ್ನೆ ನಮ್ಮ ಎಮ್ಮೆಯೊಂದು ಆ ಹಸಿರಿನತ್ತ ಹೋದದ್ದಕ್ಕೆ ಕಾವಲುಗಾರ ಲಾಠಿಯಿಂದ ಹೊಡೆದ. ಬೆನ್ನಿನ ಮೇಲೆ ಬಾಸುಂಡೆ ಎದ್ದಿದೆ.

ಯೂರಿಯಾ ಚೆಲ್ಲಿದರಾಯಿತು ಎಂದು ಹೇಳಿ ಕಳಿಸಿದ್ದೀಯ. ಅಣ್ಣನೆದುರು ಹಾಗೆ ಹೇಳುವ ಧೈರ್ಯ ನಿನಗಿತ್ತೇ?

ಗೇಟಿಗೆ ಬೀಗ ಹಾಕಿದ್ದೇನೆ. ನಾಳೆಯಿಂದ ಸಗಣಿ ನಾನೇ ಹೊರುತ್ತೇನೆ. ಅವರ ಬುಟ್ಟಿ ನನಗೆ ದೊಡ್ಡದಾಗುತ್ತದೆ. ಬರುವುದಾದರೆ ಸುಲ್ತಾನ್ ಬಜಾರಿನಿಂದ ಒಂದು ಚಿಕ್ಕ ಬುಟ್ಟಿ ತಾ. ಟ್ರ್ಯಾಕ್ಟರ್ ತರಬೇಡ.

ನಿನ್ನ ಅತ್ತಿಗೆ,
ದಾನೇಶ್ವರಿ