ಬಲದಿಂದ ಓದು

ನಿಲೋಫರ,

ಸವಡಿಗೆ ಟ್ರ್ಯಾಕ್ಟರ್ ರಿಪೇರಿಗೆ ಹೊರಟಿದ್ದೀನಿ. ಗಣಿತದಾಗ ಫೇಲಾದೆ ಅಂತ ಐದು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದು ಸಾಕು, ಏಳು.

ಕರೆಂಟು ಹನ್ನೆರಡಕ್ಕೆ ಹೋಗುತ್ತದೆ. ಅಷ್ಟರೊಳಗೆ ಕಂಪ್ಯೂಟರಿಗೆ ಹಸಿರು ಸಿ.ಡಿ. ಹಾಕು. ಈ ಆಟದಲ್ಲಿ ಬಂದೂಕಿಲ್ಲ, ವೈರಿಯಿಲ್ಲ. ನಮ್ಮ ಗುಡ್ಡದ ಕೋಟೆಯಂಥ ಖಾಲಿ ಕೋಟೆಯೊಳಗೆ ನೀನೇ ನಡೆಯಬೇಕು; ನೀರು, ಗಾಲಿ, ನೆರಳು ನೋಡಿ ಬಾಗಿಲು ತೆಗೆಯಬೇಕು. ತಪ್ಪಿದರೆ ಬಾಗಿಲು ಸುಮ್ಮನಿರುತ್ತದೆ, ನಮ್ಮ ಮಾಸ್ತರನ ಹಾಗೆ ಕತ್ತೆ ಅನ್ನೋದಿಲ್ಲ.

ಮೂರನೇ ಬಾಗಿಲಿನ ಚಿತ್ರಗಳನ್ನು ಎಡದಿಂದ ಓದಿ ಎಂಟು ದಿನ ಒದ್ದಾಡಿದೆ, ಸಿಟ್ಟಿಗೆ ಮೌಸ್ ಒಗೆದೆ. ಹಿಂದೆ ನಿಂತಿದ್ದ ದಾದಿಮಾ, "ಬಲದಿಂದ ಓದೋ ಹುಚ್ಚ! ಅರಬ್ಬಿ ಕಲಿಸಿದ್ದು ಮರತಿ ಏನ?" ಅಂದಳು. ಹಾಗೇ ಓದಿದೆ, ಬಾಗಿಲು ತೆರೆಯಿತು!

ಕತ್ತೆ ಅಂದ ಮಾಸ್ತರನ ಮಾತು ಖರೇ ಅಂತ ನಂಬಿ ನಾನು ಎಂಟನೇ ಇಯತ್ತೆಗೇ ಸಾಲಿ ಬಿಟ್ಟೆ. ನೀನು ನಂಬಬೇಡ.

ಮರುಪರೀಕ್ಷೆಯ ಫಾರ್ಮ್ ಕೀಬೋರ್ಡ್ ಕೆಳಗಿದೆ, ಇವತ್ತೇ ಕಡೇ ದಿನ. ಸಹಿ ಮಾಡಿಡು, ಎರಡಕ್ಕೆ ಬಂದು ಒಯ್ಯುತ್ತೇನೆ. ಅಬ್ಬಾ ನಿನ್ನ ನಿಕಾಹದ ಮಾತು ತೆಗೆದರೆ "ಭಾಯಿ ಬರಲಿ" ಅನ್ನು, ಜಗಳ ನಾನಾಡುತ್ತೇನೆ.

ನಾಲ್ಕನೇ ಬಾಗಿಲು ನನಗೆ ತೆರೆದಿಲ್ಲ. ಅಲ್ಲಿ ಲೆಕ್ಕ ಐತಿ. ನೀನೇ ಬಿಡಿಸಬೇಕು.

ಅಲ್ತಮಶ