ಹನ್ನೊಂದನೇ ಬೋರ್ಡಿನ ಗೈರುಹಾಜರಿ

ರಾಷ್ಟ್ರೀಯ ಚದುರಂಗ ಮಹಾಮಂಡಳದ ಗೌರವ ಕಾರ್ಯದರ್ಶಿಗಳೇ,

ತಮ್ಮ ದಾಖಲೆಯಲ್ಲಿ ಒಂದು ಸುಳ್ಳಿದೆ. 2008ರ ಅಕ್ಟೋಬರ್ 12, ಭಾನುವಾರ, ಬ್ರಹ್ಮಾವರದಲ್ಲಿ ನಡೆದ ಹದಿಮೂರರೊಳಗಿನ ಬಾಲಕಿಯರ ಆಯ್ಕೆ ಪಂದ್ಯಾವಳಿಯ ಫಲಿತಾಂಶ ಪಟ್ಟಿಯಲ್ಲಿ, ಹನ್ನೊಂದನೇ ಬೋರ್ಡಿನ ಧನ್ಯಶ್ರೀಯ ಹೆಸರಿನ ಮುಂದೆ ‘ಗೈರುಹಾಜರಿ’ ಎಂದು ಬರೆದಿದೆ. ಅವಳು ಬಂದಿದ್ದಳು. ಆ ಬೋರ್ಡಿನಿಂದ ಆರಡಿ ದೂರ, ನೋಡುವವರನ್ನು ತಡೆಯಲು ಕಟ್ಟಿದ ಹಗ್ಗದ ಈಚೆ, ಒಂದು ಗಂಟೆ ನಿಂತಿದ್ದಳು. ಪಕ್ಕದಲ್ಲಿ ನಾನಿದ್ದೆ. ಎಂಟು ತಿಂಗಳಾಯಿತು, ಆ ಒಂದು ಗಂಟೆ ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ.

ನಾನು ತಲ್ಲೂರಿನ ಪತ್ರಿಕಾ ಏಜೆಂಟ್. ಪುರವಣಿಯ ಚದುರಂಗ ಅಂಕಣ ನೋಡಿ ಆಟ ಕಲಿತವನು. 1997ರಿಂದ ತಮ್ಮ ಸದಸ್ಯ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಧನ್ಯಶ್ರೀಯ ತಾಯಿ ಜಲಜ ಬುಟ್ಟಿ ಹೊತ್ತು ನಮ್ಮೂರಿನಲ್ಲಿ ಮೀನು ಮಾರುವವರು. 2007ರ ಡಿಸೆಂಬರಿನಲ್ಲಿ ಅವರು ಮಗಳ ವಾರ್ಷಿಕ ಶುಲ್ಕ ಕಟ್ಟಿದರು. ರಶೀದಿಯನ್ನು ಹುಡುಗಿಯ ಕೈಗಿಟ್ಟು ನಾನೇ ಹೇಳಿದ್ದೆ: “ಇನ್ನ್ ನೀನ್ ಮೆಂಬರ್ ಮಾರಾಯ್ತಿ, ಗಮ್ಮತ್ತೇ ಗಮ್ಮತ್ತ್!”

ಆ ಸದಸ್ಯತ್ವ ಮಾರ್ಚ್ 31ಕ್ಕೆ ತೀರಿಹೋಯಿತು. ಡಿಸೆಂಬರಿನಲ್ಲಿ ಕಟ್ಟಿದರೆ ತಮ್ಮ ವರ್ಷಕ್ಕೆ ನಾಲ್ಕು ತಿಂಗಳೂ ಇರುವುದಿಲ್ಲವೆಂದು ಮೀನುಗಾರರಿಗೆ ಯಾವ ಪಂಚಾಂಗ ತಿಳಿಸಬೇಕಿತ್ತು? ಜೂನಿನಲ್ಲಿ ನಾನು ಉಳಿದ ಮಕ್ಕಳ ಹಣ ಸೇರಿಸಿ ಡಿ.ಡಿ. ಕಳಿಸಿದೆ. ದೋಣಿಗಳು ದಡದಲ್ಲಿರುವ ತಿಂಗಳಲ್ಲಿ ಮೀನುಗಾರರ ಮನೆಗೆ ಹೋಗಿ ಹಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಸೆಪ್ಟೆಂಬರಿನಲ್ಲಿ ಕೇಳಿದಾಗ ಜಲಜ, “ಅದ್ ಕಟ್ಟಿ ಆಯ್ತಲೆ ಮಾಷ್ಟ್ರೆ, ರಶೀದಿ ಇತ್ತ್” ಎಂದರು. ಅವರೇ ಕಳಿಸಿದರೆಂದು ನಾನು ನಂಬಿದೆ. ದಿನವೂ ಪತ್ರಿಕೆಯ ತಾರೀಕು ನೋಡಿ ಕಟ್ಟು ಬಿಚ್ಚುವ ನಾನು ಆ ರಶೀದಿಯ ತಾರೀಕು ನೋಡಲಿಲ್ಲ. ಈ ತಪ್ಪು ನನ್ನದು.

ಬ್ರಹ್ಮಾವರದಲ್ಲಿ ಯಾರು ಯಾರೊಡನೆ ಆಡಬೇಕೆಂಬ ಪಟ್ಟಿ ಅಂಟಿಸಿದ ಮೇಲೆ ರಶೀದಿಗಳ ತಪಾಸಣೆ ನಡೆಯಿತು. ಜಲಜ ಪ್ಲಾಸ್ಟಿಕ್ ಚೀಲದಿಂದ ರಶೀದಿ ತೆಗೆದು ಕೊಟ್ಟರು.

“ಅಮ್ಮಾ, ಇದು ಹೋದ ವರ್ಷದ್ದು,” ಎಂದರು ತೀರ್ಪುಗಾರರು.

“ಹೋದ್ ವರ್ಷದ್ದಾರೆ ಎಂತಾಯ್ತ್? ನಮ್ಮ್ ಸೊಸೈಟಿಯಂಗೆ ಒಂದ್ಸಲ ಶೇರ್ ತಕಂಡ್ರೆ ಸಾಯುವರಿಗೂ ಮೆಂಬ್ರ್. ಇಲ್ಲೆಂತ, ವರ್ಷ ವರ್ಷ ಹುಟ್ಟಿ ಬರ್ಕಾ?”

ಸುತ್ತಲಿನವರು ನಕ್ಕರು. ಮೀನುಗಾರ ಮಹಿಳೆಯರ ಸಹಕಾರ ಸಂಘದಲ್ಲಿ ಜಲಜ ಪಾಲುದಾರರು. ಸದಸ್ಯತ್ವ ಎಂದರೆ ಅವರಿಗೆ ಗೊತ್ತಿರುವುದು ಅದೊಂದೇ. ನಾನು ಜೇಬಿನಿಂದ ನೋಟು ತೆಗೆದೆ. ನಗದು ಸ್ವೀಕರಿಸುವಂತಿಲ್ಲ, ಡಿ.ಡಿ. ಮಾತ್ರ ಎಂದು ಹೇಳಿ ಹುಡುಗಿಯನ್ನು ಹಗ್ಗದ ಒಳಗೆ ಬಿಡಲಿಲ್ಲ. ಭಾನುವಾರ ಯಾವ ಬ್ಯಾಂಕ್ ತೆರೆದಿರುತ್ತದೆ, ಸ್ವಾಮಿ?

ಬಿಳಿ ಕಾಯಿ ಧನ್ಯಶ್ರೀಯದು. ಪಟ್ಟಿಯಲ್ಲಿ ಹೆಸರಿತ್ತು, ಕುರ್ಚಿಯಲ್ಲಿ ಜನವಿರಲಿಲ್ಲ. ನಿಯಮದಂತೆ ಅವಳ ಪಾಲಿನ ಗಡಿಯಾರ ಓಡಿಸಿದರು; ಒಂದು ಗಂಟೆಯೊಳಗೆ ಬಂದು ಕೂರದಿದ್ದರೆ ಸೋಲು. “ಹ್ವಾಯ್, ಹೆಣ್ಣ್ ಇಲ್ಲೇ ನಿಂತಿತ್ತಲೆ! ಕಣ್ಣ್ ಕಾಂತಿಲ್ಯಾ?” ಎಂದು ಜಲಜ ಕೂಗಿದರು. ಅವರನ್ನು ಹೊರಗೆ ಕಳಿಸಿದರು. ಹುಡುಗಿ ಅಳಲಿಲ್ಲ. ತನ್ನ ಸಮಯ ಹೋಗುವುದನ್ನು ನೋಡುತ್ತ ನಿಂತಳು. ಗಂಟೆ ತುಂಬುವಾಗ ಗಡಿಯಾರದ ಮುಖದ ಪುಟ್ಟ ಕೆಂಪು ಬಾವುಟ ಮೆಲ್ಲಗೆ ಎದ್ದು ಬಿತ್ತು. ಎದುರಾಳಿ ಸುಪ್ರೀತಾ, ಶಂಕರನಾರಾಯಣ ಊರಿನ ಹುಡುಗಿ, ಗಲಾಟೆ ಯಾರ ಬಗ್ಗೆ ಎಂದು ತಿಳಿಯದೆ, ಒಂದು ಕಾಯಿಯನ್ನೂ ಮುಟ್ಟದೆ ಗೆದ್ದು ಹೊರಬಂದವಳು ಇವಳನ್ನೇ ಕೇಳಿದಳು: “ಹನ್ನೊಂದ್ನೇ ಬೋರ್ಡಿನ ಹೆಣ್ಣ್ ಎಂತಕೆ ಬರ್ಲಿಲ್ಲೆ, ನಿಂಗ್ ಗೊತ್ತಿತ್ತಾ?”

ಧನ್ಯಶ್ರೀ ಹೇಳಿದಳು: “ನಂಗ್ ಗೊತ್ತಿಲ್ಲೆ.”

ನನಗೆ ಕೇಳುತ್ತಿರುವುದು ಆ ಉತ್ತರ. ಬೆಳಿಗ್ಗೆ ಪೇಪರ್ ಎಣಿಸುವಾಗಲೂ ಕೇಳುತ್ತದೆ.

ಶುಲ್ಕವೇ ಬೇಡವೆಂದು ನಾನು ವಾದಿಸುವುದಿಲ್ಲ. ಗಡಿಯಾರ, ಬೋರ್ಡು ಗಿಡದಲ್ಲಿ ಬೆಳೆಯುವುದಿಲ್ಲ. ಆದರೆ ಜಿಲ್ಲೆಗೊಂದು, ರಾಜ್ಯಕ್ಕೊಂದು, ತಮಗೊಂದು, ಪ್ರವೇಶಕ್ಕೊಂದು. ಅದರ ಮೇಲೆ ತಡವಾದರೆ ದಂಡ. 2004ರಿಂದ ಐದು ವರ್ಷಗಳಲ್ಲಿ ನನ್ನಲ್ಲಿ ಕಲಿತ ಮೂವತ್ತೆಂಟು ಮಕ್ಕಳು ಮೊದಲ ಸಲ ಹಣ ಕಟ್ಟಿದರು. ಎರಡನೇ ಸಲ ಕಟ್ಟಿದವರು ಹದಿನಾಲ್ಕು. ಮೂರನೇ ಸಲ ಮೂವರು. ಮೂವರ ತಂದೆಯಂದಿರಿಗೂ ಮುಂಬೈಯಲ್ಲಿ ಹೋಟೆಲಿದೆ. ತಮ್ಮ ವಾರ್ಷಿಕ ವರದಿ ಇದಕ್ಕೆ ‘ಕರಾವಳಿಯಲ್ಲಿ ಆಸಕ್ತಿಯ ಕೊರತೆ’ ಎಂದು ಹೆಸರಿಟ್ಟಿದೆ. ಬಾಗಿಲು ಹಾಕಿಕೊಂಡು ಒಳಗಿನಿಂದ ತಲೆ ಎಣಿಸಿದರೆ ಎಷ್ಟು ಸಿಕ್ಕೀತು? ಹಗ್ಗದ ಈಚೆ ನಿಂತ ಮಕ್ಕಳನ್ನೆಲ್ಲ ತಮ್ಮ ಕಚೇರಿ ‘ಬರಲಿಲ್ಲ’ ಎಂದೇ ಬರೆದುಕೊಳ್ಳುತ್ತಿದೆಯೇ?

ಶುಲ್ಕದ ವರ್ಷ ಕಟ್ಟಿದ ದಿನದಿಂದ ಹನ್ನೆರಡು ತಿಂಗಳಿರಲಿ. ಪಂದ್ಯದ ಸ್ಥಳದಲ್ಲೇ ನಗದು ತೆಗೆದುಕೊಳ್ಳಿ. ಇವೆರಡನ್ನೂ ತಾವು ಯಾವಾಗ ಬೇಕಾದರೂ ಸಭೆ ಸೇರಿ ಚರ್ಚಿಸಬಹುದು. ಮೂರನೆಯದಕ್ಕೆ ಮಾತ್ರ ಸಮಯವಿಲ್ಲ. ಧನ್ಯಶ್ರೀಗೆ ಈ ವಯೋಮಿತಿಯಲ್ಲಿ ಇದೇ ಕೊನೆಯ ವರ್ಷ; ಹೆಸರು ಕೊಡಲು ಜುಲೈ 31 ಕಡೇ ದಿನ. ಅಕ್ಟೋಬರಿನಿಂದ ಅವಳು ಕಾಯಿ ಮುಟ್ಟಿಲ್ಲ. ಹೋದ ವಾರ ತಾಯಿಯ ಜೊತೆ ಅಂಗಡಿಗೆ ಬಂದಿದ್ದಳು. ಈ ವರ್ಷದ್ದನ್ನು ನಾನೇ ಕಟ್ಟುತ್ತೇನೆ, ಬಾ ಎಂದೆ. “ದುಡ್ಡಿಂದಲ್ಲ ಮಾಷ್ಟ್ರೆ,” ಎಂದಳು. “ಅವತ್ತ್ ನಾನ್ ಬಂದಿದ್ದೆ ಅಂದ್ ಅವ್ರ್ ಬರ್ದ್ ಕೊಡ್ಲಿ. ಬತ್ತೆ.”

ಬರೆದು ಕೊಡಿ. ಒಂದೇ ಸಾಲು, ಮೊಹರಿನೊಂದಿಗೆ, ಜುಲೈ 31ರೊಳಗೆ.

ಇಂತಿ,
ಹನ್ನೆರಡು ವರ್ಷ ತಪ್ಪದೆ ಕಟ್ಟಿ, ಈ ವರ್ಷ ಕಟ್ಟಲು ಕೈ ಬಾರದ,
ಗುಣಪಾಲ
ತಲ್ಲೂರು, ಜೂನ್ 2009