ರಾಜಿಯ ಪೇಢೆ

ಮಹಿಳಾ ಸಹಾಯ ಕೇಂದ್ರದ ಮಾನ್ಯ ಸಮಾಲೋಚನಾಧಿಕಾರಿಗಳೇ,

ನಿಮ್ಮ ಲೆಕ್ಕದಲ್ಲಿ ನನ್ನ ಮಗಳ ಪ್ರಕರಣ ರಾಜಿಯಾಗಿ ಮುಗಿದಿದೆ. ನಮ್ಮ ಮನೆಯಲ್ಲಿ ಅವಳು ಊಟ ಬಿಟ್ಟಿದ್ದಾಳೆ. ಮರಾಠಿಯಲ್ಲಿ ಕೊಟ್ಟ ಅರ್ಜಿಗಳಿಗೆ ನೀವು ಉತ್ತರ ಕೊಡಲಿಲ್ಲ. ಹಾಗಾಗಿ ನಾಶಿಕದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಓದದೇ ಇರಲು ಈ ಸಲ ನಿಮಗೊಂದು ಸರಿಯಾದ ಕಾರಣವಾದರೂ ಇರಲಿ.

ನಾವು ಕುಂದಾಪುರದ ಕಡೆಯವರು, ಇಲ್ಲಿ ಹೋಟೆಲು ನಡೆಸುತ್ತೇವೆ. ಮಗಳು ನಿಶ್ಮಿತಾಳನ್ನು ಔರಂಗಾಬಾದಿನಲ್ಲಿದ್ದ ಎಂಜಿನಿಯರ್ ದಿಗಂತನಿಗೆ ಕೊಟ್ಟೆವು. ಶೇಂದ್ರಾದ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸ. ಅವನು ಹೊಡೆಯುತ್ತಿದ್ದ, ಅದನ್ನು ನೀವು ಬರೆದುಕೊಂಡಿರಿ. ಸಾರಿಗೆ ಉಪ್ಪು ಹೆಚ್ಚಾದರೆ ಎದುರಿಗೆ ಕೂತು, ಪಾತ್ರೆ ಖಾಲಿಯಾಗುವವರೆಗೆ ಅವಳ ಬಾಯಿಗೆ ತುರುಕುತ್ತಿದ್ದ. ಸಿಟ್ಟು ಬಂದ ದಿನ ಅಡುಗೆಮನೆಗೆ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದ. ಇದನ್ನು ಹೇಳಿದಾಗ ಮಾತ್ರ ನೀವು ಪೆನ್ನು ಕೆಳಗಿಟ್ಟಿರಿ. ಊಟದ ಜಗಳ ಯಾರ ಮನೆಯಲ್ಲಿಲ್ಲ ಎಂದು ನಮ್ಮನ್ನೇ ಕೇಳಿದಿರಿ. ಅಲ್ಲ, ನಿಮ್ಮ ಮನೆಯ ಅಡುಗೆಮನೆಗೂ ಬೀಗ ಉಂಟೋ?

ಆಮೇಲೆ ನಿಮ್ಮ ಕಚೇರಿಯ ಆ ಘನ ಸಂಪ್ರದಾಯ. ರಾಜಿಗೆ ಸಹಿ ಬಿದ್ದ ಕೂಡಲೇ ಪೇಢೆಯ ಡಬ್ಬಿ ತೆಗೆಯಬೇಕು, ಗಂಡನಾದವನು ಅದನ್ನು ಹೆಂಡತಿಯ ಬಾಯಿಗೆ ಇಡಬೇಕು, ಸುತ್ತ ಇದ್ದವರು ಚಪ್ಪಾಳೆ ತಟ್ಟಬೇಕು. ಯಾವ ಕೈಯಿಂದ ತಪ್ಪಿಸಿಕೊಂಡು ನಮ್ಮ ಮನೆಗೆ ಬಂದಿದ್ದಳೋ ಅದೇ ಕೈ ಅವಳ ಬಾಯಿಯ ಹತ್ತಿರ ಬಂತು. ಅವಳು ಹಿಂದೆ ಸರಿದಳು. ನಾಚಿಕೆ ಬೇಡ ಬೇಟಾ ಎಂದು ನಗುತ್ತಾ ನೀವೇ ಅವಳ ಭುಜ ಹಿಡಿದಿರಿ. ಅವಳು ನುಂಗಿದಳು, ಚಪ್ಪಾಳೆಯೂ ಆಯಿತು.

ಅಂದಿನಿಂದ ಅವಳಿಗೆ ತುತ್ತು ಇಳಿಯುವುದಿಲ್ಲ, ಇಳಿದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಯಾರಾದರೂ ನೋಡುತ್ತಿದ್ದರೆ ತಟ್ಟೆಯನ್ನೇ ಮುಟ್ಟುವುದಿಲ್ಲ. ಕೇಳಿದರೆ, "ಅಮ್ಮ, ಅದು ಇನ್ನೂ ಗಂಟಲಲ್ಲೇ ಉಂಟು" ಎನ್ನುತ್ತಾಳೆ.

ಆಸ್ಪತ್ರೆಯಲ್ಲಿ ಮೊದಲು ಅಶಕ್ತತೆ ಎಂದು ಟಾನಿಕ್ ಬರೆದರು. ನೆಂಟರು ಹಟ ಎಂದರು, ತ್ರ್ಯಂಬಕೇಶ್ವರದಲ್ಲಿ ಪೂಜೆ ಮಾಡಿಸಲು ಹೇಳಿದರು. ಕೊನೆಗೆ ಒಬ್ಬ ಮನೋವೈದ್ಯೆ ಅವಳನ್ನು ಕೂರಿಸಿಕೊಂಡು ಪೂರ್ತಿ ಕೇಳಿದರು. ಇದು ಕಾಯಿಲೆ, ವಾಸಿಯಾಗುತ್ತದೆ, ಆದರೆ ಊಟಕ್ಕೂ ಭಯಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು ಎಂದರು. "ಆ ಮನೆಗೆ ವಾಪಸ್ ಹೋದರೆ ನಾನು ಕೊಡುವ ಚಿಕಿತ್ಸೆಯೆಲ್ಲ ದಂಡ" ಎಂದೂ ಹೇಳಿದರು.

ವಾಪಸ್ ಕಳಿಸುತ್ತಿರುವವರು ಯಾರು? ನೀವು. ಮುಂದಿನ ತಿಂಗಳು ಅವಳು ಗಂಡನ ಮನೆಗೆ ಹೋಗಬೇಕೆಂದು ರಾಜಿಯಲ್ಲಿದೆ. ಹೋಗದಿದ್ದರೆ ತಪ್ಪು ಅವಳದೇ ಎಂದು ಬರೆಯುತ್ತೀರಂತೆ. ಮುಗಿದ ಪ್ರಕರಣವನ್ನು ಮತ್ತೆ ತೆರೆಯುವುದಿಲ್ಲವಂತೆ. ಹಾಗಾದರೆ ಹುಡುಗಿಯೇ ಮುಗಿದುಹೋಗುವವರೆಗೆ ಕಾಯೋಣವೇ? ಮೈಮೇಲೆ ಬಾಸುಂಡೆ ಇದ್ದರಷ್ಟೇ ನಿಮ್ಮ ಕಣ್ಣಿಗೆ ಹಿಂಸೆಯೇ?

ಆ ರಾಜಿಯನ್ನು ರದ್ದು ಮಾಡಿ. ಉಪವಾಸ ಕೆಡವಿದ್ದನ್ನೂ ತುರುಕಿದ್ದನ್ನೂ ಹಿಂಸೆ ಎಂದೇ ಬರೆಯಿರಿ. ಗಂಡಂದಿರನ್ನು ಹೊರಗೆ ಕಳಿಸಿ, ನಿಮ್ಮಲ್ಲಿಗೆ ಬರುವ ಹೆಂಗಸರನ್ನು ಊಟ ಸೇರುತ್ತಿದೆಯೇ ಎಂದು ಕೇಳಿ. ಇಲ್ಲ ಎಂದವಳನ್ನು ರಾಜಿಗೆ ಕೂರಿಸಬೇಡಿ, ವೈದ್ಯರ ಹತ್ತಿರ ಕಳಿಸಿ. ನನ್ನ ಮಗಳನ್ನಂತೂ ನಾನು ಆ ಮನೆಗೆ ಕಳಿಸುವುದಿಲ್ಲ. ಏನು ಬರೆದುಕೊಳ್ಳುತ್ತೀರೋ ಬರೆದುಕೊಳ್ಳಿ.

ಇಂತಿ,
ಊರಿಗೆಲ್ಲ ಎದುರು ನಿಂತು ಬಡಿಸಿ, ಮಗಳು ಉಣ್ಣುವ ಹೊತ್ತಿಗೆ ಮಾತ್ರ ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುವ
ವಾರಿಜಾಕ್ಷಿ, ನಾಶಿಕ